ಸಿಪ್ಪೆ, ಮುಚ್ಚಳ ಇಲ್ಲದ ಊಟ

"ಬಾಳಿಹಣ್ಣು ತರಬ್ಯಾಡ," ಎಂದಳು ಅವ್ವ. "ಬಾಟ್ಲಿ ನೀರೂ ಬ್ಯಾಡ, ಕೂಲ್‌ಡ್ರಿಂಕ್ಸೂ ಬ್ಯಾಡ. ಸಿಪ್ಪಿ ಇರೋದು, ಮುಚ್ಚಳ ಇರೋದು ಯಾವುದೂ ಆ ಹೊಲಕ್ಕ ಬರಬಾರದು."

ಏಪ್ರಿಲ್ ತಿಂಗಳು. ರಾಯಚೂರಿನ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಫ್ಯಾನಿನ ಗಾಳಿಯೂ ಸುಡುತ್ತಿತ್ತು. ಗಬ್ಬೂರಿನ ಹತ್ತಿರ ನನ್ನ ಸೋದರಮಾವನ ಹೊಲದಲ್ಲಿ ಒಂದು ದೊಡ್ಡ ಹುಣಸೆಮರವಿದೆ. ಒಂದು ಭಾನುವಾರ ಸಂಜೆ ಅದರ ಕೆಳಗೆ ಕಟ್ಟಿಗೆಯ ಒಲೆ ಹೂಡಿ, ಬಂಧುಗಳನ್ನೂ ಮಾನ್ವಿಯ ಕಾಲೇಜಿನಲ್ಲಿ ನನ್ನ ಜೊತೆ ಪಾಠ ಮಾಡುವವರನ್ನೂ ಕರೆದು ಊಟ ಹಾಕಬೇಕೆಂಬುದು ನನ್ನ ಆಸೆ. ಬೇಸಿಗೆಯ ರಜೆಗೆ ಎಲ್ಲರೂ ಚದುರುವ ಮುಂಚೆ ಒಂದು ಸಂಜೆ ಒಟ್ಟಿಗೆ ಕೂತು ಉಣ್ಣೋಣ ಅಂದುಕೊಂಡಿದ್ದೆ, ಅಷ್ಟೆ. ಅವ್ವ ಅದನ್ನು ಅಷ್ಟಕ್ಕೇ ಬಿಡಲಿಲ್ಲ.

ಬಾಳೆಹಣ್ಣಿನ ಮೇಲೆ ಅವಳಿಗೆ ಯಾಕೆ ಸಿಟ್ಟು ಎಂದು ನಾನು ಕೇಳಬೇಕಾಗಿರಲಿಲ್ಲ. ನಾವು ದಲಿತರು. ಮದುವೆಗೆ ಮುಂಚೆ ಅವ್ವ ಪೋತ್ನಾಳದ ಸುತ್ತಮುತ್ತ ಬೇರೆಯವರ ಗದ್ದೆಗಳಲ್ಲಿ ಭತ್ತದ ನಾಟಿ ಮಾಡಿದವಳು. ಅಪ್ಪ ಓದಿ ದೇವದುರ್ಗದಲ್ಲಿ ಸರ್ಕಾರಿ ಶಾಲೆಯ ಮಾಸ್ತರನಾದ. ಅಪ್ಪನ ಜೊತೆಯ ಮಾಸ್ತರರು ನಮ್ಮ ಬಾಡಿಗೆ ಮನೆಗೆ ಬರುತ್ತಿದ್ದರು, ಕುರ್ಚಿಯಲ್ಲಿ ಕೂತು ಹೊತ್ತು ಮುಳುಗುವವರೆಗೂ ಮಾತಾಡುತ್ತಿದ್ದರು, ನಗುತ್ತಿದ್ದರು. ಅವ್ವ ಚಹಾ ತಂದರೆ ಮಾತ್ರ ಒಬ್ಬರಿಗೆ ಈಗಷ್ಟೇ ಕುಡಿದು ಬಂದದ್ದು ನೆನಪಾಗುತ್ತಿತ್ತು, ಇನ್ನೊಬ್ಬರಿಗೆ ಅವತ್ತು ಸೋಮವಾರ ಎಂಬುದು. ಬಾಳೆಹಣ್ಣನ್ನು ಮಾತ್ರ ಯಾರೂ ಬೇಡ ಅನ್ನುತ್ತಿರಲಿಲ್ಲ. ಅದಕ್ಕೆ ಸಿಪ್ಪೆ ಇತ್ತು. ಅಂಗಡಿಯಿಂದ ತಂದ ತಂಪು ಬಾಟ್ಲಿಯನ್ನೂ ಬೇಡ ಅನ್ನುತ್ತಿರಲಿಲ್ಲ. ಅದಕ್ಕೆ ಮುಚ್ಚಳ ಇತ್ತು. ಅವ್ವನ ಕೈ ಒಳಗಿನ ವಸ್ತುವಿಗೆ ತಾಗುತ್ತಿರಲಿಲ್ಲ. ಅತಿಥಿಗಳೆಂದರೆ ಬಾಳೆಹಣ್ಣು ಪ್ರಿಯರು ಎಂದು ಸಣ್ಣವಳಿದ್ದಾಗ ನಂಬಿದ್ದೆ ಎಂದು ನಾನು ಹೇಳಿಕೊಳ್ಳುವುದುಂಟು. ನಿಜವಾಗಿ ಹಾಗೆ ನಂಬಿದ್ದೆನೋ, ಹೇಳಲು ಚೆನ್ನಾಗಿದೆ ಎಂದು ಆಮೇಲೆ ಸೇರಿಸಿಕೊಂಡೆನೋ, ಈಗ ಖಾತ್ರಿಯಿಲ್ಲ.

"ಅವ್ವಾ, ಆ ಕಾಲ ಹೋತು," ಎಂದೆ. "ನಮ್ಮ ಹೊಸ ಮನಿ ಪ್ರವೇಶದಾಗ ಎಲ್ಲರೂ ನಿನ್ನ ಕೈಯ್ಯೂಟ ಉಂಡು ಹೊಗಳಿದ್ದು ಮರತೀಯೇನು?"

ಅವಳು ಸೋಸುತ್ತಿದ್ದ ಹುಳಿ ಪುಂಡಿಸೊಪ್ಪನ್ನು ಮೊರದಲ್ಲಿಟ್ಟು ನನ್ನನ್ನೇ ನೋಡಿದಳು.

"ಯಾರ ಕೈಯ್ಯೂಟ?"

ರಾಯಚೂರಿನ ಈ ಮನೆಯ ಪ್ರವೇಶದ ದಿನ ನನಗೆ ಚಿತ್ರದ ಹಾಗೆ ನೆನಪಿದೆ. ನಾನಾಗ ಗುಲ್ಬರ್ಗದಲ್ಲಿ ಎಂ.ಎ. ಓದುತ್ತಿದ್ದೆ, ಎರಡು ದಿನದ ಮಟ್ಟಿಗೆ ಬಂದಿದ್ದೆ. ಅವ್ವ ದೊಡ್ಡ ಪಾತ್ರೆಯ ಮುಂದೆ ನಿಂತು ಸೌಟು ತಿರುವುತ್ತಿದ್ದಾಳೆ, ಹಬೆಗೆ ಅವಳ ಮುಖ ಒದ್ದೆಯಾಗಿದೆ, ಅಪ್ಪನ ಗೆಳೆಯರು ಸಾಲಾಗಿ ಕೂತು ಉಣ್ಣುತ್ತಿದ್ದಾರೆ. ಈ ಚಿತ್ರವನ್ನು ನಾನು ತರಗತಿಯಲ್ಲೂ ಹೇಳಿದ್ದೇನೆ. ಒಂದು ಊಟ ಎಷ್ಟು ದೂರ ಕ್ರಮಿಸಿತು ನೋಡಿ ಎಂದು.

"ನಾ ಅವತ್ತು ಒಲಿ ಕಡಿಗೆ ಹೋಗೇ ಇಲ್ಲ," ಎಂದಳು ಅವ್ವ. "ನಿಮ್ಮಪ್ಪ ಅಡಿಗಿ ಮಾಡೋನನ್ನ ಕರಕೊಂಡು ಬಂದಿದ್ದ. ಎಲ್ಲರೂ ಅವನ ಕೈಯಾಗ ಉಣತಿದ್ರು, ಅಂಥಾ ಜಾತಿಯವನು. ಮನಿ ಹೆಣ್ಮಕ್ಕಳು ಭಾಂಡೆ ಮುಟ್ಟಬಾರದು ಅಂತ ಮೊದಲೇ ಮಾತಾಗಿತ್ತು. ನಾ ಹೊಸ ಸೀರಿ ಉಟಗೊಂಡು ಹಿಂದಿನ ಕ್ವಾಣ್ಯಾಗ ಕುಂತಿದ್ದೆ."

"ನೀ ಸೌಟು ಹಿಡಕೊಂಡಿದ್ದು ನಾ ನೋಡೀನಿ."

"ನೋಡಿರಬೇಕು. ಮಂದಿ ಎಲ್ಲಾ ಹೋದ ಮ್ಯಾಲ. ಭಾಂಡೆ ತಿಕ್ಕುವಾಗ."

ದಿನಚರಿ ಬರೆಯುವ ರೂಢಿ ನನಗೆ ಆಗಲೂ ಇತ್ತು. ಆದರೆ ಅವತ್ತಿನದು ಬರೀ ಜನ, ಗದ್ದಲ, ಅಪ್ಪನ ಸಂತೋಷ. ಅಡುಗೆ ಯಾರದ್ದೆಂದು ಬರೆಯಬೇಕು ಅನ್ನಿಸಿರಲೇ ಇಲ್ಲ. ಅದು ಕೇಳಬೇಕಾದ ಪ್ರಶ್ನೆ ಎಂದು ಗೊತ್ತಿಲ್ಲದಾಗ ನೆನಪು ತನಗೆ ಬೇಕಾದ ಉತ್ತರವನ್ನು ಇಟ್ಟುಕೊಳ್ಳುತ್ತದೆ. ಅಪ್ಪ ಈಗಿಲ್ಲ, ಕೇಳುವ ಹಾಗಿಲ್ಲ.

"ಅಪ್ಪನ ಮ್ಯಾಲ ನಿನಗ ಸಿಟ್ಟು ಬರಲಿಲ್ಲೇನು?" ಎಂದೆ.

"ನಿಮ್ಮಪ್ಪ ಕೆಟ್ಟೋನಲ್ಲ. ಅಷ್ಟು ಮಂದಿನ್ನ ಕರದಿದ್ದ. ಯಾರಾದ್ರೂ ಎಲಿ ಬಿಟ್ಟು ಎದ್ದು ಹೋಗಿದ್ರ ಅವನ ಮುಖ ಹೆಂಗ ನೋಡಲಿ ಅಂತ ನಾನೂ ಸುಮ್ಮನಿದ್ದೆ." ಮತ್ತೆ ಸೊಪ್ಪಿಗೆ ಕೈ ಹಾಕಿದಳು. "ಈಗ ಅವನಿಲ್ಲ. ಎದ್ದು ಹೋಗೋರು ಹೋಗಲಿ. ಈ ಸಲ ನಾನೇ ಮಾಡ್ತೀನಿ, ನಾನೇ ಬಡಸ್ತೀನಿ. ನಿನ್ನ ಬಸ್ಸಿನ ಗೆಳತಿ ಬರ್ತಾಳಲ್ಲ? ಆಕಿ ಉಣಬೇಕು. ನನಗ ಅದನ್ನ ನೋಡಬೇಕಾಗ್ಯದ."

ಬಸ್ಸಿನ ಗೆಳತಿ ಎಂದರೆ ನನ್ನ ಕಾಲೇಜಿನವಳೇ. ನನಗಿಂತ ಹಿರಿಯಳು. ಮಾನ್ವಿಯಲ್ಲಿ ಅಕ್ಕಿ ಗಿರಣಿ ಇರುವ, ಕೊರಳಲ್ಲಿ ಲಿಂಗ ಕಟ್ಟುವ ಶಿವಭಕ್ತರ ಮನೆತನದ ಮಗಳು, ಈಗ ರಾಯಚೂರಿನಲ್ಲೇ ಸಂಸಾರ. ಎಷ್ಟೋ ವರ್ಷದಿಂದ ನಾವಿಬ್ಬರೂ ಬೆಳಿಗ್ಗೆ ಒಂದೇ ಬಸ್ಸಿಗೆ ಹೋಗುತ್ತೇವೆ, ಒಂದೇ ಸೀಟಿನಲ್ಲಿ ನಿದ್ದೆ ಮಾಡುತ್ತೇವೆ. ನನಗೆ ಜ್ವರ ಬಂದಾಗ ನನ್ನ ತರಗತಿಗಳನ್ನು ತಾನೇ ತೆಗೆದುಕೊಂಡವಳು. ಮಧ್ಯಾಹ್ನ ತನ್ನ ಡಬ್ಬಿಯ ಹೋಳಿಗೆಯನ್ನೋ ಮಾದಲಿಯನ್ನೋ ನನ್ನ ಡಬ್ಬಿಯ ಮುಚ್ಚಳಕ್ಕೆ ಹಾಕದೆ ತಾನು ಉಣ್ಣುವವಳಲ್ಲ. ನನ್ನ ಡಬ್ಬಿಯನ್ನು ಅವಳ ಕಡೆ ಸರಿಸಿದರೆ "ನನಗ ಇಷ್ಟೇ ಜಾಸ್ತಿ ಆತು ಬೇ" ಎನ್ನುತ್ತಾಳೆ. ಯಾವತ್ತೂ ಅದೇ ಮಾತು. ಅವಳ ಹೊಟ್ಟೆಯೇ ಸಣ್ಣದೋ, ನನ್ನ ಅನುಮಾನವೇ ದೊಡ್ಡದೋ ನನಗೆ ತೀರ್ಮಾನಿಸಲಾಗಿಲ್ಲ. ಕೇಳಿದರೆ ಗೆಳೆತನ ಹೋದೀತು ಎಂದು ಕೇಳಿರಲಿಲ್ಲ. ಅವ್ವ ಅದನ್ನು ಹೊಲದ ನಡುವೆ, ಎಲ್ಲರೆದುರು ಕೇಳಲು ಹೊರಟಿದ್ದಳು. ಬಾಯಿಂದಲ್ಲ, ಸೌಟಿನಿಂದ.

ಆ ವಾರ ಅವ್ವ ಅಡುಗೆಯನ್ನು ಯೋಚಿಸಿದ ರೀತಿ ನನಗೆ ನಗು ತರಿಸಿತು, ಆಮೇಲೆ ಹೆದರಿಕೆ ತರಿಸಿತು. ತಾನು ಜೀವಮಾನದಲ್ಲಿ ಕೇಳಿದ ಒಂದೊಂದು ನೆಪಕ್ಕೂ ಒಂದೊಂದು ಪದಾರ್ಥ ಕೂಡಿಸಿದಳು. ಶುಗರ್ ಅನ್ನುವವರಿಗೆ ನವಣೆ ಅನ್ನ. ಹೊಟ್ಟೆಯುರಿ ಅನ್ನುವವರಿಗೆ ಖಾರವಿಲ್ಲದ ಹೆಸರುಬೇಳೆ, ಮಜ್ಜಿಗೆ. ಸೋಮವಾರವಲ್ಲ, ಗುರುವಾರವಲ್ಲ, ಶನಿವಾರವಲ್ಲ, ಅಮಾವಾಸ್ಯೆ ಏಕಾದಶಿ ಅಲ್ಲ ಎಂದು ಕ್ಯಾಲೆಂಡರ್ ನೋಡಿಯೇ ಭಾನುವಾರವನ್ನು ಒಪ್ಪಿದ್ದಳು. ಬೇಗ ಹೋಗಬೇಕು ಅನ್ನಬಾರದೆಂದು ಎಲ್ಲರಿಗೂ ಒಂದೇ ಟೆಂಪೊ ಹೇಳಿಸಿದಳು. ಮಾವಿನಹಣ್ಣಿನ ಕಾಲ, ಹಣ್ಣನ್ನೇ ಹೋಳು ಮಾಡಿ ಕೊಡೋಣ ಎಂದರೆ, "ಅದಕ್ಕೂ ಸಿಪ್ಪಿ ಅದ. ಹಿಂಡಿ ಶೀಕರಣಿ ಮಾಡ್ತೀನಿ," ಎಂದಳು.

ನಾವು ಜಗಳವಾಡಿದ್ದು ಮಾಂಸದ ವಿಷಯಕ್ಕೆ. ಕುರಿಮಾಂಸದ ಸಾರು ಇರಲೇಬೇಕು, ನಮ್ಮ ಊಟವನ್ನು ಬಚ್ಚಿಟ್ಟು ಯಾರನ್ನೂ ಮೆಚ್ಚಿಸಬೇಕಾಗಿಲ್ಲ ಎಂಬುದು ನನ್ನ ವಾದ. ವಿಶ್ವವಿದ್ಯಾಲಯದಲ್ಲಿ ಕಲಿತ ಮಾತುಗಳೂ ಒಂದೆರಡು ಅದರಲ್ಲಿದ್ದವು.

"ಮಾಡೋಣು," ಎಂದಳು ಅವ್ವ. "ನಿಮ್ಮ ಮಾವ ಮಾಡಲಿ, ಮರದ ಆ ಕಡಿಗೆ, ಬ್ಯಾರೆ ಒಲಿ, ಬ್ಯಾರೆ ಭಾಂಡೆ. ಈ ಕಡಿಗೆ ರೊಟ್ಟಿ, ಪುಂಡಿಪಲ್ಯ, ಎಣ್ಣಿಗಾಯಿ ನಾ ಮಾಡ್ತೀನಿ. ಬರೀ ಮಟನ್ ಇಟ್ಟಿ ಅಂದ್ರ, ನಾವು ತಿನ್ನಂಗಿಲ್ರಿ ಅಂತ ಕೈ ಮುಗದು ಹೋಗ್ತಾರ. ಅವರಿಗೂ ಮರ್ಯಾದಿ, ನಮಗೂ ಮರ್ಯಾದಿ. ಪುಂಡಿಪಲ್ಯ ಬ್ಯಾಡ ಅನ್ನೋರು ಏನಂತಾರ ಕೇಳಬೇಕು ನಾನು."

"ಊಟಕ್ಕ ಕರಿಯಾಕತ್ತೀವೋ, ಪರೀಕ್ಷಾಕ್ಕ ಕೂಡಸಾಕತ್ತೀವೋ?"

"ಇಷ್ಟು ವರ್ಷ ನನ್ನ ಪರೀಕ್ಷಾ ಆತಲ್ಲ, ಯಾರರ ಕೇಳಿದ್ರೇನು?"

ನಾನು ಮಾವನಿಗೆ ಫೋನ್ ಮಾಡಿ ಎರಡು ಒಲೆ ಹೂಡಲು ಹೇಳಿದೆ.

ಆ ಭಾನುವಾರ ಟೆಂಪೊ ಹೊಲಕ್ಕೆ ತಲುಪಿದಾಗ ಬಿಸಿಲು ಇಳಿದಿತ್ತು, ಝಳ ಇಳಿದಿರಲಿಲ್ಲ. ಹತ್ತಿ ಕಿತ್ತು ಬರಿದಾದ ಕರಿಮಣ್ಣಿನ ಬಿರುಕಿನಿಂದ ಕಾವು ಏಳುತ್ತಿತ್ತು. ಬಂದವರೆಲ್ಲ ಮರದ ನೆರಳಿಗೆ ಓಡಿದರು, ಎಲ್ಲರೂ ನೀರು ಕೇಳಿದರು. ಮರದ ಬುಡದಲ್ಲಿ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಕೊಡ. ಅದರ ಪಕ್ಕ ಚರಿಗೆ ಹಿಡಿದು ಅವ್ವ. ಆ ಬಯಲಿನಲ್ಲಿ ಬೇರೆ ನೀರಿರಲಿಲ್ಲ. ಬಾಟ್ಲಿ ಬೇಡ ಎಂದದ್ದು ಯಾಕೆಂದು ನನಗೆ ಆಗ ಪೂರ್ತಿ ಅರ್ಥವಾಯಿತು. ಇದು ಕ್ರೂರವಲ್ಲವೇ ಎಂದೂ ಒಂದು ಕ್ಷಣ ಅನ್ನಿಸಿತು. ಅವ್ವನ ಮುಖ ನೋಡಿದೆ. ಅವಳು ಬಂದವರಿಗೆಲ್ಲ ನೀರು ಕೊಡುತ್ತಿದ್ದಳು, ಅಷ್ಟೆ. ಬಾಯಾರಿದವರಿಗೆ ತಣ್ಣೀರು ಕೊಡುವುದು ಕ್ರೂರವೆಂದು ಯೋಚಿಸಿದವಳು ನಾನು.

ನನ್ನ ಗೆಳತಿ ಚರಿಗೆ ತೆಗೆದುಕೊಂಡಳು. ತಲೆಯೆತ್ತಿ, ತುಟಿಗೆ ತಾಗಿಸದೆ, ಒಂದೇ ಉಸಿರಿಗೆ ಕುಡಿದಳು. ನಮ್ಮ ಕಡೆ ಎಲ್ಲರೂ ಹಾಗೇ ಎತ್ತಿ ಕುಡಿಯುತ್ತಾರೆ, ಹಾಗಾಗಿ ಅದರಿಂದ ಏನನ್ನೂ ತಿಳಿಯಲಾಗಲಿಲ್ಲ.

"ಎಷ್ಟು ತಂಪು ಅದ್ರಿ ಅವ್ವಾರ," ಎಂದಳು.

"ಇನ್ನೊಂದು ಚರಿಗಿ ಕುಡಿ ಯವ್ವಾ," ಎಂದಳು ಅವ್ವ.

ಕುಡಿದಳು.

ಮರದ ಆಚೆ ಬದಿಯಲ್ಲಿ ಮಾವ ಮಾಂಸದ ಪಾತ್ರೆಯ ಮುಂದೆ ಲುಂಗಿ ಕಟ್ಟಿ ನಿಂತಿದ್ದ. ಗಬ್ಬೂರಿನಿಂದ ಬಂದ ನಮ್ಮ ಹುಡುಗಿಯರು ರೊಟ್ಟಿ ಬಡಿಯಲು ಕೂತರು. ತಟ್ಟುವ ಸದ್ದಿಗೆ ಕಾಲೇಜಿನ ತರುಣ ಮೇಷ್ಟ್ರುಗಳು ಒಲೆಯ ಸುತ್ತ ಬಂದು ಬಿಸಿ ರೊಟ್ಟಿಗೆ ಖಾರ ಹಚ್ಚಿಕೊಂಡು ನಿಂತುಕೊಂಡೇ ತಿನ್ನಲು ಸುರು ಮಾಡಿದರು. ಅವ್ವ ಅವರನ್ನು ಬೈದಳು, ಊಟಕ್ಕೆ ಹೊಟ್ಟೆ ಉಳಿಸಿಕೊಳ್ಳಿ ಎಂದು. ಎಲ್ಲವೂ ಸುಲಭವಾಗಿದೆ, ನಾವು ಸುಮ್ಮನೆ ಇಷ್ಟು ಗಾಬರಿಪಟ್ಟೆವು ಅಂದುಕೊಂಡೆ.

ನಮ್ಮ ಹಿರಿಯ ಅಧ್ಯಾಪಕರಿಬ್ಬರು ಟೆಂಪೊದಲ್ಲಿ ಬಂದಿರಲಿಲ್ಲ. ಹಿಂದಿನಿಂದ ತಮ್ಮದೇ ಕಾರಿನಲ್ಲಿ ಬಂದರು. ಅದನ್ನು ಅವ್ವ ಲೆಕ್ಕಕ್ಕೆ ಹಿಡಿದಿರಲಿಲ್ಲ. ಇಬ್ಬರೂ ಗೆಳತಿಯ ಸಮುದಾಯದವರೇ. ಒಬ್ಬರು ಇತಿಹಾಸದವರು. ಇನ್ನೊಬ್ಬರು ಕನ್ನಡದವರು, ಪ್ರತಿ ವರ್ಷ ವಚನಗಳನ್ನು ಪಾಠ ಮಾಡುವವರು, ಚೆನ್ನಾಗಿಯೇ ಪಾಠ ಮಾಡುವವರು. ಅವರು ಕಾರಿನ ಪಕ್ಕದಲ್ಲೇ ನಿಂತು ಹೊಲ ನೋಡಿದರು, ಮರದ ವಯಸ್ಸು ಕೇಳಿದರು, ಮಾವನಿಗೆ ಈ ಸಲ ಹತ್ತಿಯ ಬೆಳೆ ಹೇಗಾಯಿತೆಂದು ವಿಚಾರಿಸಿದರು. ಚಾಪೆಯ ಕಡೆ ಬರಲಿಲ್ಲ. ಅವರ ಕಾರಿನೊಳಗೆ ಮುಚ್ಚಳದ ಬಾಟ್ಲಿಯೂ ಇತ್ತು.

ಹೊತ್ತು ಕೆಂಪಗಾಗುತ್ತಿದ್ದಾಗ ಅವ್ವ ಎಲೆ ಹಾಕಿಸಿದಳು. ಗೆಳತಿ ನನ್ನನ್ನು ಮೊಳಕೈ ಹಿಡಿದು ಪಕ್ಕಕ್ಕೆ ಕರೆದಳು.

"ನಾ ಒಂದು ಹೇಳ್ತೀನಿ, ತಪ್ಪು ತಿಳಕೋಬ್ಯಾಡ," ಎಂದಳು. "ಅವರಿಬ್ಬರೂ ಹಂಗೇ ನಿಂತಾರ ನೋಡು. ನಾ ಬಡಸ್ತೀನಿ. ನಾ ಸೌಟು ಹಿಡದ್ರ ಅವರೂ ಕುಂದರ್ತಾರ. ಅವ್ವಾರ ಇಷ್ಟು ಕಷ್ಟಪಟ್ಟು ಮಾಡ್ಯಾರ, ಯಾರರ ಹಂಗೇ ಹೋದ್ರ ಅವರ ಮನಸಿಗೆ ಬ್ಯಾಸರ ಆಗಬಾರದು."

ಹೇಳುತ್ತಲೇ ಸೆರಗು ಸೊಂಟಕ್ಕೆ ಸಿಗಿಸಿಕೊಂಡಳು. ಅವಳ ಮುಖದಲ್ಲಿ ಕಪಟವಿರಲಿಲ್ಲ. ಅವಳಿಗೆ ನಿಜವಾಗಿ ಅವ್ವನ ಚಿಂತೆಯಾಗಿತ್ತು. ನನಗೆ ಹೂಂ ಅನ್ನಬೇಕು ಅನ್ನಿಸಿತು, ಇದನ್ನು ಬರೆದಿಡಬೇಕು. ಎಲ್ಲರೂ ಕೂರುತ್ತಾರೆ, ಎಲ್ಲರೂ ಉಣ್ಣುತ್ತಾರೆ, ಯಾರೂ ಎದ್ದು ಹೋಗುವುದಿಲ್ಲ. ಅಪ್ಪನಿಗೂ ಅವತ್ತು ಹೀಗೇ ಅನ್ನಿಸಿರಬೇಕು. ಆ ಅಡುಗೆಯವನನ್ನು ಕರೆತರಲು ಹೋದಾಗ ಅಪ್ಪನ ಮನಸ್ಸಿನಲ್ಲಿ ಏನಿತ್ತೆಂದು ನಾನು ಯಾವ ನೆನಪಿನಿಂದಲೂ ತಿಳಿದವಳಲ್ಲ, ಆ ಕ್ಷಣದಲ್ಲಿ ತಿಳಿದೆ.

ಅವ್ವ ನಮ್ಮ ಹಿಂದೆಯೇ ನಿಂತಿದ್ದಳು. ಪಲ್ಯದ ಪಾತ್ರೆ ಕಂಕುಳಲ್ಲಿ, ಸೌಟು ಕೈಯಲ್ಲಿ.

"ಬಡಸಾಕ ನಾ ಅದೀನಿ ಯವ್ವಾ," ಎಂದಳು. ದನಿ ಏರಿರಲಿಲ್ಲ. "ನೀ ಉಣ್ಣಾಕ ಬಂದೀದಿ. ಸೆರಗು ಬಿಚ್ಚು, ಕುಂದ್ರು."

"ಅಲ್ರಿ ಅವ್ವಾರ, ನಿಮಗ ಸಹಾಯ ಅಂತ..."

"ಇದೇ ಸಹಾಯ ಹಿಂದ ಒಬ್ಬರು ಮಾಡಿದ್ರು. ಊಟ ಎಲ್ಲಾ ಚಂದಾತು. ನಾ ಕ್ವಾಣ್ಯಾಗ ಕುಂತಿದ್ದೆ. ಈಗ ಕ್ವಾಣಿ ಇಲ್ಲ, ಬಯಲದ. ಎಲ್ಲಿ ಹೋಗಿ ಕುಂದರಲಿ?"

ಗೆಳತಿ ನನ್ನ ಮುಖ ನೋಡಿದಳು. ನಾನು ಅವಳನ್ನು ಬಿಡಿಸಲಿಲ್ಲ. ಬಿಡಿಸಬೇಕಾದದ್ದು ನನ್ನ ಕೆಲಸವಲ್ಲ ಎಂದು ಅದೇ ಮೊದಲ ಸಲ ಅನ್ನಿಸಿತು.

ಅಷ್ಟರಲ್ಲಿ ಕನ್ನಡದ ಅಧ್ಯಾಪಕರು ಕೈ ಮುಗಿಯುತ್ತಾ ಬಂದರು. ಈಗಷ್ಟೇ ಫೋನ್ ಬಂತು, ದೂರದ ದಾಯಾದಿಯೊಬ್ಬರು ತೀರಿಕೊಂಡರಂತೆ, ಸೂತಕ, ಹೊರಗೆ ಉಣ್ಣುವ ಹಾಗಿಲ್ಲ, ದಯವಿಟ್ಟು ಬೇಸರ ಮಾಡಿಕೊಳ್ಳಬಾರದು ಎಂದರು. ಇತಿಹಾಸದವರು ಅವರನ್ನು ಒಬ್ಬರನ್ನೇ ಕಳಿಸುವುದು ಹೇಗೆ ಎಂದರು. ಅವ್ವ ಎಷ್ಟೋ ನೆಪಗಳನ್ನು ಯೋಚಿಸಿದ್ದಳು, ಸಾವನ್ನು ಯೋಚಿಸಿರಲಿಲ್ಲ.

"ಹೋಗಿ ಬರ್ರಿ," ಎಂದಳು. "ಮಣ್ಣಿಗೆ ತಡ ಆಗಬಾರದು."

ಕಾರು ಧೂಳೆಬ್ಬಿಸಿ ಹೊರಟಿತು. ಗಬ್ಬೂರಿನ ದಾರಿ ಹಿಡಿದು, ರಾಯಚೂರಿನ ತಮ್ಮ ಮನೆಗಳ ಕಡೆಗೇ. ಮಾವ ಮಾಂಸದ ಸೌಟು ಹಿಡಿದುಕೊಂಡೇ ಮರದ ಆ ಕಡೆಯಿಂದ ಬಂದ.

"ಅಕ್ಕಾ, ನಿನ್ನ ಪುಂಡಿಪಲ್ಯ ತಪ್ಪಿಸಾಕ ಅವರ ಮನ್ಯಾಗ ಒಬ್ಬರು ಸಾಯಬೇಕಾತು ನೋಡು."

"ಬಾಯಿ ಮುಚಗೋ ಲೇ," ಎಂದಳು ಅವ್ವ. ನಗು ತಡೆಯಲು ಅತ್ತ ತಿರುಗಿದ್ದು ನನಗೆ ಕಂಡಿತು.

"ಅಲ್ಲ, ಅವರಿಗೆ ಸೂತಕ ಇಲ್ಲಂತಲ್ಲ? ಮಠದಾಗ ಸ್ವಾಮೇರು ಹೇಳಿದ್ದು ನಾನೇ ಕೇಳೀನಿ."

ಇದಕ್ಕೆ ಉತ್ತರ ಕೊಟ್ಟವಳು ಗೆಳತಿ. ಸೆರಗು ಇನ್ನೂ ಸೊಂಟದಲ್ಲೇ ಇತ್ತು.

"ಇಲ್ಲ," ಎಂದಳು ಮೆಲ್ಲಗೆ. "ನಮ್ಮಲ್ಲಿ ಸೂತಕ ಹಿಡಿಯಂಗಿಲ್ಲ. ಅದನ್ನ ಆ ಸರ್ ವರ್ಷಾ ವರ್ಷಾ ಕ್ಲಾಸಿನಾಗ ಹೇಳ್ತಾರ. ನನ್ನ ಕ್ಲಾಸಿಗೆ ಕೇಳಸ್ತದ, ಪಕ್ಕದ್ದೇ ಕ್ವಾಣಿ."

ಅವಳು ಸೆರಗು ಬಿಚ್ಚಿ ಹೆಗಲಿಗೆ ಹಾಕಿಕೊಂಡಳು. ಚಾಪೆಯ ಮೇಲೆ, ಗಬ್ಬೂರಿನ ನಮ್ಮ ಹುಡುಗಿಯರ ನಡುವೆ ಜಾಗವಿತ್ತು, ಅಲ್ಲಿ ಕೂತಳು.

"ಗೊತ್ತಾಗಲಿಲ್ರಿ ಅವ್ವಾರ," ಎಂದಳು. "ನಾ ಛಲೋದಕ್ಕ ಅಂದೆ."

"ಗೊತ್ತದ ನನಗ. ಕೈ ತೊಳಕೋ. ರೊಟ್ಟಿ ಆರ್ತದ."

ಅವ್ವ ಬಡಿಸಿದಳು. ಸಾಲಿನ ಆ ತುದಿಯಿಂದ ಈ ತುದಿಗೆ, ಒಬ್ಬರ ಮುಂದೂ ಬೇಗ ದಾಟದೆ. ಗೆಳತಿಯ ಎಲೆಗೆ ಪುಂಡಿಪಲ್ಯ ಹಾಕಿ ಅಲ್ಲೇ ನಿಂತಳು. ಅದೊಂದು ಸಣ್ಣ ಹೊತ್ತು. ಗೆಳತಿ ರೊಟ್ಟಿ ಮುರಿದಳು, ಪಲ್ಯ ಹಚ್ಚಿದಳು, ಬಾಯಿಗಿಟ್ಟಳು. ಅಗಿದಳು. ಹುಳಿಗೆ ಕಣ್ಣು ಸಣ್ಣಗೆ ಮಾಡಿದಳು. "ಹಿಂಡಿ ಹಾಕ್ರಿ ಒಂದೀಟು," ಎಂದಳು. ಅವ್ವ ಶೇಂಗಾ ಹಿಂಡಿ ಹಾಕಿ ಮುಂದಿನ ಎಲೆಗೆ ಹೋದಳು.

ಅವಳು ಹಸಿವಿನಿಂದ ಉಂಡಳೋ, ನಾಚಿಕೆಯಿಂದ ಉಂಡಳೋ, ನನಗಾಗಿ ಉಂಡಳೋ ನಾನು ಬಲ್ಲೆನೆಂದು ಹೇಳಲಾರೆ. ಶೀಕರಣಿಯನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡಳು ಎಂದು ನನ್ನ ನೆನಪು. ಅದು ತಾನಲ್ಲ, ಪಕ್ಕದ ಹುಡುಗಿ ಎಂದು ಅವಳು ಬಸ್ಸಿನಲ್ಲಿ ವಾದಿಸಿದ್ದಾಳೆ. ಇರಬಹುದು. ಆದರೆ ಒಂದು ವಿಷಯವನ್ನು ಮಾತ್ರ ಮನೆಗೆ ಬಂದ ಕೂಡಲೇ ಬರೆದಿಟ್ಟಿದ್ದೇನೆ, ಮುಂದೆ ನನ್ನ ನೆನಪೇ ಬಂದು ಬದಲಿಸಲು ನೋಡಿದರೂ ನಡೆಯದ ಹಾಗೆ: ಆ ಸಂಜೆ ಅಡುಗೆ ಮಾಡಿದವಳು ಅವ್ವ, ಬಡಿಸಿದವಳು ಅವ್ವ. ರೊಟ್ಟಿ ಬಡಿದವರು ಗಬ್ಬೂರಿನ ನಮ್ಮ ಹುಡುಗಿಯರು. ಮಾಂಸದ ಸಾರು ಮಾವನದು, ಅದಕ್ಕೆ ಉಪ್ಪು ಹೆಚ್ಚಾಗಿತ್ತು.

ವಾಪಸು ಬರುವಾಗ ಟೆಂಪೊದಲ್ಲಿ ಅವ್ವ ಕಿಟಕಿಯ ಪಕ್ಕ ಕೂತಿದ್ದಳು. ಸೋತಳೋ ಗೆದ್ದಳೋ ಮುಖದಿಂದ ತಿಳಿಯುವ ಹಾಗಿರಲಿಲ್ಲ.

"ಅವರಿಗೆ ಮತ್ತ ಹೇಳು," ಎಂದಳು.

"ಯಾರಿಗೆ?"

"ಆ ಇಬ್ಬರು ಸರ್‌ಗೆ. ಸೂತಕ ಮುಗದ ಮ್ಯಾಲ. ಹೊಲಕ್ಕ ಬ್ಯಾಡ, ಮನಿಗೇ ಕರಿ. ಸಾಯೋರು ಎಷ್ಟು ಮಂದಿ ಅದಾರ ನೋಡೋಣು."

ನಾನು ನಕ್ಕೆ. ಅವಳು ನಗಲಿಲ್ಲ. ಅವಳು ಹೇಳಿದ್ದು ತಮಾಷೆಗಲ್ಲ ಎಂದು ನನಗೆ ತಿಳಿಯಲು ಗಬ್ಬೂರಿನ ಕವಲುದಾರಿ ದಾಟಬೇಕಾಯಿತು.

ಕೆಲವು ದಿನ ಬಿಟ್ಟು, ರಜೆ ಶುರುವಾಗುವ ಮುಂಚೆ, ಮಧ್ಯಾಹ್ನದ ಹೊತ್ತು ಸ್ಟಾಫ್ ರೂಮಿನಲ್ಲಿ ಆ ಇಬ್ಬರ ಮೇಜಿನ ಮುಂದೆ ಹೋಗಿ ನಿಂತೆ. ಇಂಥ ಕೆಲಸಕ್ಕೆ ನಾನು ಹುಟ್ಟಿದವಳಲ್ಲ, ಬರೆಯುವುದೇ ನನಗೆ ಸುಲಭ.

"ಸರ್, ಸೂತಕ ಮುಗದಿರಬೇಕಲ್ರಿ?" ಎಂದೆ. "ಈ ಭಾನುವಾರ ಮನಿಗೆ ಊಟಕ್ಕ ಬರ್ರಿ. ಅವ್ವ ಹೇಳಿ ಕಳಿಸ್ಯಾಳ. ಆಕಿನೇ ಅಡಿಗಿ ಮಾಡ್ತಾಳ."

ಕನ್ನಡದವರು ಕನ್ನಡಕ ತೆಗೆದು ಒರೆಸಿಕೊಂಡರು. ಇತಿಹಾಸದವರು ಅವರನ್ನು ನೋಡಿದರು. ಹಿಂದಿನ ಮೇಜಿನಲ್ಲಿ ಗೆಳತಿ ತನ್ನ ಡಬ್ಬಿ ಬಿಚ್ಚುತ್ತಿದ್ದಳು. ತಲೆಯೆತ್ತದೆಯೇ ಹೇಳಿದಳು, ಇಡೀ ಕೋಣೆಗೆ ಕೇಳುವ ಹಾಗೆ:

"ಹೋಗ್ರಿ ಸರ್. ಪುಂಡಿಪಲ್ಯ ಭಾಳ ಛಲೋ ಮಾಡ್ತಾರ. ನಾ ಉಂಡೀನಿ."

ಸಂಜೆ ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು.

"ಏನಂದ್ರು?"

"ನೋಡ್ತೀವಿ ಅಂದ್ರು."

"ನೋಡಲಿ," ಎಂದಳು ಅವ್ವ, ನನ್ನ ಕೈಯಿಂದ ಚೀಲ ತೆಗೆದುಕೊಳ್ಳುತ್ತಾ. "ನಾನೂ ಇಲ್ಲೇ ಅದೀನಿ."